ಕರಿಯನನ್ನು ಕಳಿಸಿಕೊಡುವ ದಿನ

ಪ್ರಶ್ನೆ: ನನಗೆ 54 ವರ್ಷ. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಅತ್ತೆಯವರೊಂದಿಗೆ ಇದ್ದೇನೆ. 13 ವರ್ಷಗಳ ಹಿಂದೆ ನನ್ನ ಯಜಮಾನರು ಅಡಿಕೆ ಮಂಡಿಯಿಂದ ಹಿಂದಿರುಗುವಾಗ ಅಂಗಿಯೊಳಗೆ ಬಚ್ಚಿಟ್ಟುಕೊಂಡು ತಂದ ಕಪ್ಪು ನಾಯಿಮರಿಯೇ ನಮ್ಮ ಕರಿಯ. ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು; ಕೊನೆಯ 11 ದಿನ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲಿದ್ದರು. ಅಂದಿನಿಂದ ಕರಿಯ ಅವರ ಕುರ್ಚಿಯ ಬುಡದಲ್ಲೇ ಮಲಗುತ್ತಾನೆ. ಈಗ ಅವನ ಮೂತ್ರಪಿಂಡಗಳು ಸೋತಿವೆ ಎಂದು ಪಶುವೈದ್ಯರು ಹೇಳಿದ್ದಾರೆ. ಹಿಂಗಾಲಿನಲ್ಲಿ ಬಲವಿಲ್ಲ. ಮೊದಲೆಲ್ಲ ಒಂದು ಡ್ರಿಪ್ ಹಾಕಿಸಿದರೆ ನಾಲ್ಕೈದು ದಿನ ಚೆನ್ನಾಗಿರುತ್ತಿದ್ದವನು ಈಗ ಮರುದಿನವೇ ವಾಂತಿ ಮಾಡುತ್ತಾನೆ. ಪೇಪರ್ ಹುಡುಗನ ಸೈಕಲ್ ಬೆಲ್ ಕೇಳಿದೊಡನೆ ಗೇಟಿಗೆ ಓಡುತ್ತಿದ್ದವನು ಈಗ ಕಿವಿಯನ್ನಷ್ಟೇ ಎತ್ತುತ್ತಾನೆ. ರಾತ್ರಿಯಿಡೀ ಮಲಗದೆ ಏದುಸಿರು ಬಿಡುತ್ತಾನೆ. ನೋಡಲಾರದೆ, ಪಕ್ಕದ ಮನೆಯವರ ಮಾತು ಕೇಳಿ, ನಾವು ನುಂಗುವ ನೋವಿನ ಮಾತ್ರೆಯನ್ನು ಎರಡು ಸಲ ಅರ್ಧರ್ಧ ಕೊಟ್ಟೆ. ಖರ್ಚಿನ ಲೆಕ್ಕ ಮನಸ್ಸಿಗೆ ಬಂದಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ವೈದ್ಯರು ‘ಇನ್ನು ನೀವು ಯೋಚನೆ ಮಾಡಬೇಕು’ ಎಂದಷ್ಟೇ ಹೇಳಿದ್ದಾರೆ. ಅತ್ತೆಯವರು ‘ಜೀವ ತೆಗೆಯುವುದಕ್ಕೆ ನಾವು ಯಾರು, ಅದರ ಕರ್ಮ ಅದು ತೀರಿಸಿಕೊಂಡು ಹೋಗಲಿ’ ಎನ್ನುತ್ತಾರೆ. ಪುಣೆಯಲ್ಲಿರುವ ಮಗ ‘ದೀಪಾವಳಿಗೆ ಬರುತ್ತೇನೆ, ಅಲ್ಲಿಯವರೆಗೆ ಏನೂ ಮಾಡಬೇಡಮ್ಮ’ ಎನ್ನುತ್ತಾನೆ. ನಾಯಿಗಾಗಿ ಇಷ್ಟು ಅಳುವುದೇ ಎಂದು ನಗುವವರೂ ಇದ್ದಾರೆ. ಕರಿಯ ಹೋದರೆ ಯಜಮಾನರೇ ಎರಡನೆಯ ಸಲ ಹೋದಂತಾಗುತ್ತದೆ. ಅಂದು ಆಸ್ಪತ್ರೆಯಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಇಂದು ಎಲ್ಲವನ್ನೂ ನನ್ನನ್ನೇ ಕೇಳುತ್ತಿದ್ದಾರೆ. ಸಮಯ ಬಂದಿದೆ ಎಂದು ತಿಳಿಯುವುದು ಹೇಗೆ?

— ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ಬೇರೆ ಮಾತಿಗೆ ಮೊದಲು ಒಂದು ತುರ್ತಿನ ವಿಷಯ. ಮನುಷ್ಯರ ನೋವಿನ ಮಾತ್ರೆಯನ್ನು ದಯವಿಟ್ಟು ಇನ್ನೊಮ್ಮೆ ಕೊಡಬೇಡಿ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಮುಂತಾದವು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೂ ಕಡಿಮೆ ಮಾಡುತ್ತವೆ. ಆಗಲೇ ಸೋತಿರುವ ಮೂತ್ರಪಿಂಡಕ್ಕೆ ಅದು ದೊಡ್ಡ ಪೆಟ್ಟು. ಪ್ಯಾರಸಿಟಮಾಲ್ ಕೂಡ ನಾಯಿಗಳಿಗೆ ಅಪಾಯಕಾರಿಯಾಗಬಲ್ಲದು. ನೀವು ಕೊಟ್ಟದ್ದು ಕನಿಕರದಿಂದ, ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳುವುದು ಬೇಡ. ಆದರೆ ಯಾವ ಮಾತ್ರೆ, ಯಾವ ದಿನ, ಎಷ್ಟು ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ. ಗ್ಯಾಬಾಪೆಂಟಿನ್‌ನಂತಹ ನೋವು ತಗ್ಗಿಸುವ ಔಷಧಿಯನ್ನು ಮೂತ್ರಪಿಂಡದ ಸ್ಥಿತಿ ನೋಡಿ ಕಡಿಮೆ ಪ್ರಮಾಣದಲ್ಲಿ ಕೊಡುವ ದಾರಿಯಿದೆ. ಇಂದು ರಾತ್ರಿಯ ನೋವಿಗೆ ಏನು ಮಾಡಬಹುದು ಎಂದು ಅವರನ್ನು ನೇರವಾಗಿ ಕೇಳಿ. ಕರಿಯನನ್ನು ಕಳಿಸುವುದೋ ಬೇಡವೋ ಎಂಬ ನಿರ್ಧಾರ ಇನ್ನೂ ಆಗದಿದ್ದರೂ ಅವನ ಇಂದಿನ ರಾತ್ರಿ ಸ್ವಲ್ಪ ಹಗುರವಾಗುವುದು ಸಾಧ್ಯ. ಗಾರೆ ನೆಲದ ಮೇಲೆ ಕಾಲು ಜಾರದಂತೆ ಗೋಣಿಚೀಲ ಹಾಸಿ. ಎಬ್ಬಿಸುವಾಗ ಹೊಟ್ಟೆಯ ಕೆಳಗೆ ಟವೆಲ್ ಹಾಯಿಸಿ ಎರಡೂ ತುದಿ ಹಿಡಿದು ಎತ್ತಿ. ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ.

ಇನ್ನು ನಿಮ್ಮ ಪ್ರಶ್ನೆ. ಸುತ್ತಿ ಬಳಸಿ ಹೇಳಿದರೆ ನಿಮಗೆ ನಾನು ದ್ರೋಹ ಮಾಡಿದಂತೆ. ನಾನು ಪಶುವೈದ್ಯಳಲ್ಲ, ಕರಿಯನನ್ನು ಕಣ್ಣಾರೆ ಕಂಡವಳೂ ಅಲ್ಲ. ಆದರೂ ನೀವು ಬರೆದಿರುವುದನ್ನೆಲ್ಲ ಮೂರು ಬಾರಿ ಓದಿದ ಮೇಲೆ ನನಗೆ ಅನ್ನಿಸಿದ್ದೆಂದರೆ, ಆ ಸಮಯ ಬಂದಿದೆ ಅಥವಾ ಬಾಗಿಲಲ್ಲೇ ನಿಂತಿದೆ, ದೀಪಾವಳಿಯವರೆಗೆ ಅದು ಕಾಯುವುದಿಲ್ಲ.

ಹೀಗೆನ್ನಲು ಕಾರಣ ಡ್ರಿಪ್‌ನ ವಿಷಯವಾಗಿ ನೀವು ಬರೆದ ಒಂದೇ ಸಾಲು. ಮೂತ್ರಪಿಂಡಕ್ಕೆ ಅಪಾರ ತಾಳ್ಮೆಯಿದೆ. ಅದರ ಕೆಲಸದ ಶಕ್ತಿಯ ಮುಕ್ಕಾಲು ಪಾಲು ನಷ್ಟವಾಗುವವರೆಗೆ ರಕ್ತದ ಸಾಮಾನ್ಯ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ಒಂದು ಕಲ್ಮಶ) ಏರಿದ್ದು ಕಾಣಿಸುವುದೇ ಕಷ್ಟ. ನಾಯಿ ಹೆಚ್ಚು ನೀರು ಕುಡಿಯುವುದನ್ನು, ಹೆಚ್ಚು ಮೂತ್ರ ಮಾಡುವುದನ್ನು ನಾವು ಸೆಕೆಯ ಲೆಕ್ಕಕ್ಕೋ ಮುಪ್ಪಿನ ಲೆಕ್ಕಕ್ಕೋ ಬರೆದುಬಿಡುತ್ತೇವೆ. ಸತ್ತ ಭಾಗ ಮತ್ತೆ ಬೆಳೆಯುವುದಿಲ್ಲ. ಡ್ರಿಪ್ ಮಾಡುವ ಕೆಲಸವೆಂದರೆ ರಕ್ತದಲ್ಲಿ ಸೇರಿಕೊಂಡ ಕಲ್ಮಶವನ್ನು ತೆಳುವಾಗಿಸಿ, ಉಳಿದಿರುವ ಸ್ವಲ್ಪ ಭಾಗಕ್ಕೆ ಆಸರೆ ಕೊಡುವುದು. ಆ ಆಸರೆ ನಾಲ್ಕೈದು ದಿನ ನಿಲ್ಲುತ್ತಿದ್ದದ್ದು ಒಂದು ದಿನಕ್ಕೆ ಇಳಿದಿದೆ ಎಂದರೆ ಆಸರೆ ಹಿಡಿಯುವುದಕ್ಕೆ ಒಳಗೆ ಏನೂ ಉಳಿಯುತ್ತಿಲ್ಲ ಎಂದೇ ಅರ್ಥ. ಕರಿಯನ ಬಾಯಿ ತೆರೆದು ಒಸಡು, ನಾಲಿಗೆಯ ಅಂಚು ನೋಡಿ; ಹುಣ್ಣುಗಳಿದ್ದರೆ, ಉಸಿರಿನಲ್ಲಿ ಮೂತ್ರದಂತಹ ಘಾಟು ಬರುತ್ತಿದ್ದರೆ, ತಟ್ಟೆಯ ಮುಂದೆ ನಿಂತು ಮೂಸಿ ಮುಖ ತಿರುಗಿಸುವುದು ಹಟವಲ್ಲ, ಅವನಿಗೆ ನುಂಗುವುದೇ ನೋವಾಗಿದೆ ಎಂದು ತಿಳಿಯಿರಿ. ಇನ್ನೊಬ್ಬರ ಅಭಿಪ್ರಾಯವೂ ಬೇಕು ಎನಿಸಿದರೆ ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ರಕ್ತ ಪರೀಕ್ಷೆಯ ಹಳೆಯ, ಹೊಸ ವರದಿಗಳೆರಡನ್ನೂ ಕೊಂಡೊಯ್ದು ತೋರಿಸಬಹುದು.

‘ನಿದ್ದೆಯಲ್ಲೇ ಹೋಗಿಬಿಡಲಿ’ ಎಂದು ನಾವೆಲ್ಲರೂ ಒಳಗೊಳಗೆ ದೇವರನ್ನು ಬೇಡುತ್ತೇವೆ. ಕೆಲವು ಕಾಯಿಲೆಗಳಲ್ಲಿ ಹಾಗಾಗುವುದೂ ಉಂಟು. ಮೂತ್ರಪಿಂಡದ ಕಾಯಿಲೆಯಲ್ಲಿ ಅದು ಅಪರೂಪ. ಕೊನೆಯ ದಿನಗಳು ವಾಂತಿ, ನಡುಕ, ಕೆಲವೊಮ್ಮೆ ಫಿಟ್ಸ್, ಹೀಗೆ ಎಳೆಯುತ್ತ ಹೋಗುತ್ತವೆ. ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ, ಏಕೆಂದರೆ ನಾನು ಇದನ್ನು ಕಂಡಿದ್ದೇನೆ. ನಮ್ಮ ನಾಯಿ ಚಿನ್ನಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು. ಗೌರಿ ಹಬ್ಬಕ್ಕೆ ಮಕ್ಕಳು ಬರುತ್ತಾರೆ, ಅವರು ಒಮ್ಮೆ ನೋಡಲಿ, ಆಮೇಲೆ ವೈದ್ಯರನ್ನು ಕರೆಸೋಣ ಎಂದು ಮೂರು ದಿನ ಮುಂದೂಡಿದೆ. ಹಬ್ಬದ ಹಿಂದಿನ ರಾತ್ರಿ ಎರಡು ಗಂಟೆಗೆ ಅವಳು ಬಚ್ಚಲುಮನೆಯ ನೆಲದ ಮೇಲೆ ಒದ್ದಾಡತೊಡಗಿದಳು. ಯಾವ ವೈದ್ಯರ ಫೋನೂ ಸಿಗಲಿಲ್ಲ. ಬೆಳಕು ಹರಿಯುವವರೆಗೆ ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವಳನ್ನು ಕಳಿಸಿಕೊಡಬೇಕೆಂದು ತೀರ್ಮಾನಿಸಿದ್ದಕ್ಕಾಗಿ ನಾನು ಇಂದಿಗೂ ಪಶ್ಚಾತ್ತಾಪ ಪಟ್ಟಿಲ್ಲ. ಆ ಮೂರು ದಿನಗಳಿಗಾಗಿ ಪಡುತ್ತೇನೆ.

ಆದ್ದರಿಂದ ‘ಇಂದೇ ಆ ದಿನ’ ಎಂದು ಕರಿಯ ತಾನಾಗಿ ಕಣ್ಣಿನಲ್ಲಿ ಹೇಳುತ್ತಾನೆ ಎಂದು ಕಾಯಬೇಡಿ. ತಮ್ಮ ನಾಯಿ ಹಾಗೆ ಹೇಳಿತು ಎನ್ನುವವರಿದ್ದಾರೆ, ಅವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೋವನ್ನು ಮುಚ್ಚಿಟ್ಟುಕೊಳ್ಳುವುದು ನಾಯಿಯ ಹುಟ್ಟುಗುಣ. ನೀವು ಹತ್ತಿರ ಬಂದಾಗ ಬಾಲ ಆಡಿಸುವ ನಾಯಿಗೆ ನೋವಿಲ್ಲ ಎಂದಲ್ಲ, ನೋವಿನ ನಡುವೆಯೂ ನೀವು ಬಂದದ್ದು ಅದಕ್ಕೆ ಸಂತೋಷ ಎಂದಷ್ಟೇ. ರಾತ್ರಿ ಮಲಗದೆ ಏದುಸಿರು ಬಿಡುವುದು, ಗೋಡೆಗೆ ಮುಖ ಮಾಡಿ ನಿಲ್ಲುವುದು, ಒಂದೇ ಜಾಗವನ್ನು ನೆಕ್ಕುತ್ತಿರುವುದು, ಮೊದಲು ಇಷ್ಟಪಡುತ್ತಿದ್ದ ಕಡೆ ಮುಟ್ಟಿದರೆ ಸರಿದುಕೊಳ್ಳುವುದು, ಇವೇ ಅದರ ಮಾತು. ನನ್ನ ತಿಳಿವಳಿಕೆಯಲ್ಲಿ ‘ಸರಿಯಾದ ಒಂದು ದಿನ’ ಎಂಬುದು ಇಲ್ಲವೇ ಇಲ್ಲ. ತೀರ ಬೇಗ ಎನ್ನಬಹುದಾದ ಒಂದು ಗಡಿಯಿದೆ, ತೀರ ತಡ ಎನ್ನಬಹುದಾದ ಇನ್ನೊಂದು ಗಡಿಯಿದೆ. ಅವೆರಡರ ನಡುವಿನ ಯಾವ ದಿನವನ್ನು ಆರಿಸಿಕೊಂಡರೂ ನೀವು ತಪ್ಪು ಮಾಡಿದಂತಾಗುವುದಿಲ್ಲ. ಕರಿಯ ಮೊದಲನೆಯ ಗಡಿಯನ್ನು ದಾಟಿಯಾಗಿದೆ. ಎರಡನೆಯದನ್ನು ಅವನು ದಾಟದಂತೆ ನೋಡಿಕೊಳ್ಳುವುದಷ್ಟೇ ಈಗ ನಿಮ್ಮ ಕೈಯಲ್ಲಿರುವುದು.

ಇದನ್ನು ಅಳೆಯಲು ಸಾಧನಗಳಿವೆ. ಆಲಿಸ್ ವಿಲ್ಲಾಲೋಬೋಸ್ ಎಂಬ ಅಮೆರಿಕದ ಪಶುವೈದ್ಯೆ 2004ರಲ್ಲಿ ರೂಪಿಸಿದ ಒಂದು ಅಳತೆಗೋಲನ್ನು ಅನೇಕ ವೈದ್ಯರು ಬಳಸುತ್ತಾರೆ. ನೋವು, ಹಸಿವು, ಮೈಯಲ್ಲಿ ನೀರಿನಂಶ, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬ ಏಳು ವಿಷಯಗಳಿಗೆ ಹತ್ತರಂತೆ ಅಂಕ ಕೊಟ್ಟು, ಮೊತ್ತ 35ನ್ನು ಮೀರಿದರೆ ಆರೈಕೆ ಮುಂದುವರಿಸಬಹುದು ಎನ್ನುತ್ತದೆ ಅದು. ಒಳ್ಳೆಯ ಅಳತೆಯೇ, ಆದರೆ ಪ್ರೀತಿಸುವವರು ಅಂಕ ಕೊಡುವಾಗ ಕೈ ಸಡಿಲ ಮಾಡುತ್ತಾರೆ, ನಾನಂತೂ ಮಾಡಿದ್ದೆ. ಅದಕ್ಕಿಂತ ಅಡುಗೆಮನೆಯ ಕ್ಯಾಲೆಂಡರ್ ಹೆಚ್ಚು ಸತ್ಯ ಹೇಳುತ್ತದೆ. ಕರಿಯನಿಗೆ ಜೀವಕ್ಕಿಂತ ಹೆಚ್ಚಾಗಿದ್ದ ಮೂರು ಸಂಗತಿಗಳನ್ನು ಹೆಸರಿಸಿ. ಒಂದನ್ನು ನೀವೇ ಬರೆದಿದ್ದೀರಿ, ಪೇಪರ್ ಹುಡುಗನನ್ನು ಎದುರುಗೊಳ್ಳುವುದು; ಇನ್ನೆರಡು ನಿಮಗೆ ಗೊತ್ತು. ಪ್ರತಿ ರಾತ್ರಿ ಮಲಗುವ ಮುನ್ನ, ಆ ದಿನ ಮೂರರಲ್ಲಿ ಎರಡಾದರೂ ಆಗಿದ್ದರೆ ತಾರೀಖಿನ ಮೇಲೆ ಒಂದು ಸೊನ್ನೆ, ಇಲ್ಲದಿದ್ದರೆ ಒಂದು ಗೀಟು ಹಾಕಿ. ರಾತ್ರಿ ನಿದ್ದೆ ಬಂತೋ ಇಲ್ಲವೋ ಎಂಬುದನ್ನೂ ಪಕ್ಕದಲ್ಲಿ ಗುರುತು ಮಾಡಿ. ಒಂದು ವಾರ ಸಾಕು. ಏಳು ದಿನಗಳಲ್ಲಿ ನಾಲ್ಕು ಗೀಟು ಬಿದ್ದರೆ, ಅಥವಾ ಒಂದು ಹಗಲು ಒಂದು ರಾತ್ರಿ ಅವನು ನೀರನ್ನೂ ಮುಟ್ಟದಿದ್ದರೆ, ಅಥವಾ ಒಮ್ಮೆ ಫಿಟ್ಸ್ ಬಂದರೆ, ವಾರ ಮುಗಿಯುವುದನ್ನೂ ಕಾಯದೆ ವೈದ್ಯರಿಗೆ ಫೋನ್ ಮಾಡುತ್ತೇನೆ ಎಂದು ಇಂದೇ ಬರೆದಿಟ್ಟುಕೊಳ್ಳಿ. ಮನಸ್ಸು ತಿಳಿಯಾಗಿರುವ ಹೊತ್ತಿನಲ್ಲಿ ಬರೆದ ಮಾತು ನಡುರಾತ್ರಿಯ ಗಾಬರಿಯಲ್ಲಿ ನಿಮ್ಮನ್ನು ಕಾಯುತ್ತದೆ.

ಖರ್ಚಿನ ವಿಷಯಕ್ಕೆ ಒಂದೇ ಮಾತು: ಗುಣವಾಗದ ಕಾಯಿಲೆಯಲ್ಲಿ ಹಣದ ಯೋಚನೆ ಬರುವುದು ಪಾಪವಲ್ಲ, ಅದು ಮನೆ ನಡೆಸುವವರ ಜವಾಬ್ದಾರಿ.

ಅತ್ತೆಯವರ ಮಾತನ್ನು ಹಳೆಯ ಕಾಲದವರ ಮಾತೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಜೀವ ತೆಗೆಯಲು ಅಂಜುವ ಮನೆಯಲ್ಲಿ ಇದ್ದುದರಿಂದಲೇ ಕರಿಯ 13 ವರ್ಷ ಸುಖವಾಗಿ ಬಾಳಿದ. ಆದರೆ ಇದೇ ಪ್ರಶ್ನೆ 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಎದ್ದಿತ್ತು ಎಂಬುದನ್ನು ಅವರಿಗೆ ಹೇಳಿ. ಅಲ್ಲಿ ಒಂದು ಕರು ಗುಣವಾಗದ ಯಾತನೆಯಲ್ಲಿ ಬಿದ್ದಿತ್ತು, ಮಗ್ಗುಲು ಬದಲಿಸಲೂ ಆಗದಂತಹ ಸ್ಥಿತಿ. ಗಾಂಧೀಜಿ ಆಶ್ರಮದವರೊಡನೆ ಚರ್ಚಿಸಿದರು, ಒಪ್ಪದವರೂ ಇದ್ದರು. ಕೊನೆಗೆ ವೈದ್ಯರನ್ನು ಕರೆಸಿ, ತಾವೇ ಎದುರಿಗೆ ನಿಂತು, ಚುಚ್ಚುಮದ್ದು ಕೊಡಿಸಿ ಅದರ ಯಾತನೆಯನ್ನು ಮುಗಿಸಿದರು. ದೇಶದ ನಾನಾ ಕಡೆಗಳಿಂದ ಕೋಪದ ಪತ್ರಗಳು ಬಂದವು. ಅಹಿಂಸೆಯನ್ನೇ ಉಸಿರಾಗಿಸಿಕೊಂಡಿದ್ದ ಆ ಮನುಷ್ಯ ಹಿಂದೆ ಸರಿಯದೆ, ತಾನು ಮಾಡಿದ್ದು ಅಹಿಂಸೆಯೇ ಎಂದು ತಮ್ಮ ಪತ್ರಿಕೆಯಲ್ಲಿ ಬರೆದರು. ಇದರಿಂದ ಅತ್ತೆಯವರ ಮನಸ್ಸು ಬದಲಾಗಲೇಬೇಕೆಂದಿಲ್ಲ, ಬದಲಾಗದಿದ್ದರೆ ವಾದ ಬೆಳೆಸಬೇಡಿ. ಒಪ್ಪಿಗೆ ಕೊಡಿ ಎಂದು ಕೇಳಿದರೆ ಆ ಭಾರ ಅವರ ಮೇಲೂ ಬೀಳುತ್ತದೆ. ‘ಅತ್ತೆ, ಇದರ ಹೊಣೆ ನನ್ನದು, ಅವನ ಬಾಯಿಗೆ ತುಳಸಿ ನೀರು ಬಿಡುವುದು ಮಾತ್ರ ನಿಮ್ಮ ಕೈಯಿಂದ ಆಗಲಿ’ ಎಂದು ಕೇಳಿ ನೋಡಿ. ಕಾನೂನಿನ ಅಂಜಿಕೆಯೂ ಬೇಡ. ಪ್ರಾಣಿ ಹಿಂಸೆ ತಡೆಗೆಂದೇ ಇರುವ 1960ರ ಕಾಯ್ದೆಯು ಗುಣವಾಗದ ಯಾತನೆಯಲ್ಲಿರುವ ಪ್ರಾಣಿಯನ್ನು ಬದುಕಿಸಿಡುವುದೇ ಕ್ರೌರ್ಯವಾಗುವ ಸಂದರ್ಭ ಇದೆಯೆಂದು ಒಪ್ಪಿಕೊಳ್ಳುತ್ತದೆ.

ಮಗನಿಗೆ ಇಂದೇ ಫೋನ್ ಮಾಡಿ. ‘ಬರುವುದಾದರೆ ಈ ಶನಿವಾರ ಬಾ, ಕರಿಯ ನಿನ್ನ ಗುರುತು ಹಿಡಿಯುತ್ತಾನೆ, ದೀಪಾವಳಿಗೆ ಬಂದರೆ ಅವನಿರುವುದಿಲ್ಲ’ ಎಂದು ಹೇಳಿ. ರಾತ್ರಿ ಬಸ್ಸು ಹತ್ತಿದರೆ ಮರುದಿನ ಮನೆ ಸೇರುವಷ್ಟು ದೂರದಲ್ಲಿದ್ದಾನೆ ಅವನು. ರಜೆ ಸಿಗದಿದ್ದರೆ ವಿಡಿಯೊ ಕರೆಯಲ್ಲಿ ಮಾತಾಡಿಸಲಿ. ಅಪ್ಪನ ಕೊನೆಗಾಲದಲ್ಲಿ ಅವನೂ ಅಸಹಾಯಕನಾಗಿ ನಿಂತಿದ್ದವನೇ ಅಲ್ಲವೇ. ‘ಏನೂ ಮಾಡಬೇಡ’ ಎಂಬ ಮಾತಿನ ಹಿಂದೆ ಆ ಹುಡುಗನ ಹೆದರಿಕೆಯೂ ಇರಬಹುದು.

ಈಗ ನಿಮ್ಮ ಪತ್ರದ ಕೊನೆಯ ಸಾಲುಗಳಿಗೆ ಬರುತ್ತೇನೆ, ಅವನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಪತ್ರವನ್ನು ಕೆಳಗಿಡಬೇಕಾಯಿತು. ವೆಂಟಿಲೇಟರ್‌ನ ಆ 11 ದಿನಗಳಲ್ಲಿ ಹೇಳಲಾಗದೆ ಉಳಿದ ಮಾತುಗಳು, ಹಿಡಿಯಲಾಗದೆ ಉಳಿದ ಕೈ, ಗಾಜಿನಾಚೆಯಿಂದ ನೋಡುತ್ತ ಕಳೆದ ಹೊತ್ತು, ಅವೆಲ್ಲವೂ ಎರಡು ವರ್ಷಗಳಿಂದ ಆ ಕುರ್ಚಿಯ ಬುಡದಲ್ಲಿ ಕರಿಯನ ಜೊತೆಯಲ್ಲೇ ಮಲಗಿವೆ. ಅವನಿಗೆ ಅನ್ನ ಕಲಸುವಾಗ, ಡ್ರಿಪ್ ಬಾಟಲಿ ಹಿಡಿದು ನಿಲ್ಲುವಾಗ, ಅಂದು ಯಜಮಾನರಿಗೆ ಮಾಡಲಾಗದ ಸೇವೆಯನ್ನು ನೀವು ಇಂದು ಮಾಡುತ್ತಿದ್ದೀರಿ ಎಂದು ನನಗೆ ತೋರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಯಜಮಾನರನ್ನು ಈ ಲೋಕದಲ್ಲಿ ಉಳಿಸಿಕೊಳ್ಳುವ ಕೆಲಸ ಒಂದು ಮುದಿ ನಾಯಿಗೆ ಬಹಳ ಭಾರ. ಅವನು ಅವರ ನೆನಪಿನ ಕಾವಲುಗಾರನೆಂದು ನಾವು ತಿಳಿಯುತ್ತೇವೆ. ಅವನ ಮಟ್ಟಿಗೆ ಅವನು ಕಾಲು ಬೀಳುತ್ತಿರುವ, ಬಾಯಿ ಉರಿಯುತ್ತಿರುವ, ರಾತ್ರಿ ನಿದ್ದೆ ಬಾರದ ಒಂದು ಜೀವ. ಅಂದು ಆಸ್ಪತ್ರೆಯಲ್ಲಿ ಯಾರೂ ನಿಮ್ಮನ್ನು ಕೇಳಲಿಲ್ಲ ಎಂಬ ಗಾಯ ನಿಮ್ಮದು. ಆ ಗಾಯ ಮಾಯಲು ಯಾರೊಡನೆಯಾದರೂ, ಮಗನೊಡನೆ, ಅಕ್ಕತಂಗಿಯರೊಡನೆ, ಬೇಕೆನಿಸಿದರೆ ಆಪ್ತ ಸಮಾಲೋಚಕರೊಡನೆ, ಆ 11 ದಿನಗಳ ಕಥೆಯನ್ನು ಒಮ್ಮೆ ಪೂರ್ತಿ ಹೇಳಿಕೊಳ್ಳಿ. ನೀವು ಅದನ್ನು ಇನ್ನೂ ಯಾರಿಗೂ ಹೇಳಿಲ್ಲ ಎಂಬುದು ನನ್ನ ಊಹೆ.

ದಿನ ಗೊತ್ತಾದ ಮೇಲೆ ವೈದ್ಯರು ಮನೆಗೇ ಬರುವರೇ ಎಂದು ಕೇಳಿ. ಕಾರಿನಲ್ಲಿ ಎತ್ತಿಹಾಕಿಕೊಂಡು ಹೋಗಿ, ಅವನು ಹೆದರುವ ಮೇಜಿನ ಮೇಲೆ ಮಲಗಿಸುವುದಕ್ಕಿಂತ ಆ ಕುರ್ಚಿಯ ಬುಡವೇ ಮೇಲು. ಮೊದಲು ಗಾಢ ನಿದ್ದೆಯ ಚುಚ್ಚುಮದ್ದು, ಅವನು ಪೂರ್ತಿ ಎಚ್ಚರ ತಪ್ಪಿದ ನಂತರವೇ ಕೊನೆಯ ಔಷಧಿ, ಇದು ಕ್ರಮ. ಎಚ್ಚರವಿರುವ ನಾಯಿಗೆ ನೇರವಾಗಿ ಹೃದಯ ನಿಲ್ಲಿಸುವ ಔಷಧಿ ಚುಚ್ಚುವುದು ಕ್ರೂರ. ಆದ್ದರಿಂದ ಈ ಕ್ರಮವನ್ನು ಮುಂಚಿತವಾಗಿಯೇ ಮಾತಾಡಿಕೊಳ್ಳಿ, ಕೇಳಲು ಸಂಕೋಚ ಬೇಡ. ಎಚ್ಚರ ತಪ್ಪುವವರೆಗೆ ನಿಮ್ಮ ಕೈ ಅವನ ತಲೆಯ ಮೇಲಿರಲಿ, ನಿಮ್ಮ ದನಿ ಅವನಿಗೆ ಕೇಳುತ್ತಿರಲಿ. ಅನಂತರ ನಿಲ್ಲಲಾರೆ ಎನಿಸಿದರೆ ಒಳಗೆ ಹೋಗಬಹುದು, ಅವನಿಗೆ ಅದು ತಿಳಿಯುವುದಿಲ್ಲ. ಕಣ್ಣು ತೆರೆದೇ ಉಳಿಯುತ್ತದೆ, ಮೂತ್ರ ಹೋಗಬಹುದು, ಹೃದಯ ನಿಂತ ಮೇಲೂ ಒಂದೆರಡು ಬಾರಿ ಉಸಿರೆಳೆದಂತೆ ಕಾಣಬಹುದು. ಅದು ನೋವಲ್ಲ, ದೇಹ ತಾನಾಗಿ ಮಾಡುವ ಚಲನೆ. ಮೊದಲೇ ತಿಳಿದಿರದ ಎಷ್ಟೋ ಮಂದಿ ಆ ಕ್ಷಣವನ್ನು ನೆನೆದು ವರ್ಷಗಟ್ಟಲೆ ನರಳಿದ್ದನ್ನು ನಾನು ಬಲ್ಲೆ.

ತೋಟದಲ್ಲಿ ಮಣ್ಣು ಮಾಡುವುದಾದರೆ ಬಾವಿ, ಹಳ್ಳಗಳಿಂದ ದೂರದ ಎತ್ತರದ ಜಾಗ ನೋಡಿ, ಹಿಂದಿನ ದಿನವೇ ಗುಂಡಿ ತೋಡಿಸಿಡಿ. ನಾಲ್ಕೈದು ಅಡಿಗಿಂತ ಕಡಿಮೆ ಆಳ ಬೇಡ. ಮಲೆನಾಡಿನ ಮಳೆಗೆ ಮೇಲುಮಣ್ಣು ಕೊಚ್ಚಿಹೋಗುತ್ತದೆ. ದೇಹದಲ್ಲಿ ಉಳಿದ ಔಷಧಿ ಅಗೆದು ತಿನ್ನುವ ನರಿಗೂ ಬೇರೆ ನಾಯಿಗೂ ವಿಷವಾಗುತ್ತದೆ. ಸುಣ್ಣ ಹಾಕಿಸಿ, ಮೇಲೆ ದಪ್ಪ ಕಲ್ಲುಗಳನ್ನು ಹೇರಿಸಿ.

ನಾಯಿಗಾಗಿ ಅಳುತ್ತೀರೆಂದು ನಗುವವರಿಗೆ ಉತ್ತರ ಕೊಡುವ ಗೋಜಿಗೆ ನೀವು ಹೋಗಬೇಕಾಗಿಲ್ಲ, ನಮ್ಮ ನಾಡೇ ಕೊಟ್ಟಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ವೀರಗಲ್ಲು ಸಿಕ್ಕಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ದೊರೆ ಬೂತುಗನ ಸೇವಕ ಮಣಲೆರನು ಯುದ್ಧದಲ್ಲಿ ಮೆರೆದ ಶೌರ್ಯಕ್ಕೆ ಬಹುಮಾನವಾಗಿ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ ಅದರ ಜೊತೆಗೇ ಸತ್ತಾಗ ಅವನು ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟು, ಆ ಕಲ್ಲಿಗೆ ಪೂಜೆ ಸಲ್ಲಿಸದೆ ಅರ್ಚಕ ಊಟ ಮಾಡಬಾರದೆಂದು ಬರೆಯಿಸಿದ. ಕರಿಯನ ಮೇಲೆ ಹೇರುವ ಕಲ್ಲುಗಳಲ್ಲಿ ಒಂದನ್ನು ಚೆನ್ನಾಗಿ ಆರಿಸಿಕೊಳ್ಳಿ.

ಇನ್ನೊಂದು ಕೆಲಸ ಉಳಿದಿದೆ, ಮರೆಯಬೇಡಿ. ಹಿಂದಿನ ದಿನವೇ ಪೇಪರ್ ಹುಡುಗನನ್ನು ಕರೆದು ವಿಷಯ ತಿಳಿಸಿ, ಅವನೂ ಒಮ್ಮೆ ಒಳಗೆ ಬಂದು ಕರಿಯನನ್ನು ಮಾತಾಡಿಸಿಕೊಂಡು ಹೋಗಲಿ. ಮರುದಿನ ಬೆಳಿಗ್ಗೆ ನಿಮ್ಮ ಗೇಟಿನ ಮುಂದೆ ಅವನು ಬೆಲ್ ಬಾರಿಸದೆ ಪೇಪರ್ ಇಟ್ಟು ಹೋಗಬೇಕು.